ಏರ್ ಕೂಲರ್

ಏರ್ ಕೂಲರ್ ಅಥವಾ ವಾಯುಶೀತಕವು ನೀರಿನ ಆವೀಕರಣದಿಂದ ಗಾಳಿಯನ್ನು ತಂಪುಗೊಳಿಸಿ, ಅದರ ತೇವಾಂಶವನ್ನು ಹೆಚ್ಚಿಸುವ ವಿದ್ಯುತ್ ಉಪಕರಣವಾಗಿದೆ. ಒಣ ಬೇಸಿಗೆಯ ಪ್ರದೇಶಗಳಲ್ಲಿ ಇದು ಹೆಚ್ಚು ಉಪಯುಕ್ತ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಇದರ ಬಳಕೆಗೆ ತಕ್ಕ ಹವಾಮಾನವಿರುತ್ತದೆ. ಚಳಿ ದೇಶಗಳಲ್ಲಿ ಕುಲುಮೆಯಿಂದ ಬಿಸಿಯಾಗಿ ಒಣಗಿದ ಮನೆಯ ಗಾಳಿಗೆ ತೇವ ನೀಡಲು ಅಳವಡಿಸುವ ಉಪಕರಣಗಳಲ್ಲಿಯೂ ಇಂತಹ ಒದ್ದೆ ಪ್ಯಾಡನ್ನು ಬಳಸುತ್ತಾರೆ.

ಕಾರ್ಯವಿಧಾನ

ಪಂಪ್ ತೊಟ್ಟಿಯ ನೀರನ್ನು ಮೇಲೆತ್ತಿ ಪ್ಯಾಡ್‌ಗಳ ಮೇಲೆ ಹರಿಸುತ್ತದೆ. ಫ್ಯಾನ್ ಹೊರಗಿನ ಗಾಳಿಯನ್ನು ಅವುಗಳ ಮೂಲಕ ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. 40 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 20 ಸಾಪೇಕ್ಷ ಆರ್ದ್ರತೆಯುಳ್ಳ ಗಾಳಿಯು ಉತ್ತಮ ಪ್ಯಾಡ್‌ನಿಂದ ಸುಮಾರು 26 ಡಿಗ್ರಿಗೆ ಇಳಿಯಬಲ್ಲದು. ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುವುದರಿಂದ ಕೂಲರ್ ತಂಪಿಗಿಂತ ಸೆಕೆಯನ್ನೇ ಹೆಚ್ಚಿಸುತ್ತದೆ.

ಆಯ್ಕೆ

ಕೋಣೆಯ ಗಾಳಿ ಗಂಟೆಗೆ ಸುಮಾರು 30 ಬಾರಿ ಬದಲಾಗಬೇಕೆಂಬುದು ಸಾಮಾನ್ಯ ಲೆಕ್ಕ. 4 ಮೀಟರ್ ಉದ್ದ, 4 ಮೀಟರ್ ಅಗಲ ಮತ್ತು 3 ಮೀಟರ್ ಎತ್ತರದ ಕೋಣೆಗೆ ಗಂಟೆಗೆ ಸುಮಾರು 1,440 ಘನ ಮೀಟರ್ ಗಾಳಿ ನೀಡುವ ಕೂಲರ್ ಬೇಕಾಗುತ್ತದೆ. ಕಡು ಬಿಸಿಲಿನಲ್ಲಿ ಇದು ಗಂಟೆಗೆ 9ರಿಂದ 10 ಲೀಟರ್ ನೀರನ್ನು ಬಳಸಬಹುದು. ಕೂಲರನ್ನು ಕಿಟಕಿಯ ಬಳಿ ಇರಿಸಿ, ಎದುರಿನ ಕಿಟಕಿ ಅಥವಾ ಬಾಗಿಲನ್ನು ತೆರೆದಿಡಬೇಕು. ಮರದ ನಾರಿನ ಪ್ಯಾಡ್‌ಗಳು ಅಗ್ಗವಾದರೂ ಬೇಗ ಕುಸಿಯುತ್ತವೆ. ಜೇನುಗೂಡಿನ ರಚನೆಯ ಸೆಲ್ಯುಲೋಸ್ ಪ್ಯಾಡ್‌ಗಳು ಹೆಚ್ಚು ಕಾಲ ಬಾಳುತ್ತವೆ. ಏರ್ ಕೂಲರ್‌ಗಳಿಗೆ ಭಾರತೀಯ ಮಾನಕ ಐಎಸ್ 3315 ಅನ್ವಯಿಸುತ್ತದೆ.

ನೀರು ಮತ್ತು ನಿರ್ವಹಣೆ

ಬೇಸಿಗೆಯ ಕೊನೆಯಲ್ಲಿ ಕೃಷ್ಣಾ ನದಿಯ ಹರಿವು ಕ್ಷೀಣಿಸಿ, ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಕರ್ನಾಟಕವು ಮಹಾರಾಷ್ಟ್ರವನ್ನು ಕೋರಿದ ವರ್ಷಗಳಿವೆ. ಆದ್ದರಿಂದ ಈ ಭಾಗದಲ್ಲಿ ಕೂಲರ್ ಕೊಳ್ಳುವ ಮೊದಲು ನಿತ್ಯದ ನೀರಿನ ಲಭ್ಯತೆಯನ್ನು ಪರಿಗಣಿಸುವುದು ಅಗತ್ಯ. ಕೊಳವೆಬಾವಿಯ ಗಡಸು ನೀರು ಆವಿಯಾದಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ತೊಟ್ಟಿಯಲ್ಲಿಯೇ ಉಳಿದು, ಪ್ಯಾಡ್ ಹಾಗೂ ಪಂಪ್‌ನಲ್ಲಿ ಬಿಳಿ ಪದರವಾಗಿ ಕಟ್ಟಿಕೊಳ್ಳುತ್ತವೆ. ಪದರ ಕಟ್ಟಿದ ಪ್ಯಾಡ್‌ನಲ್ಲಿ ಗಾಳಿ ಸರಾಗವಾಗಿ ಹಾಯುವುದಿಲ್ಲ. ಖಾಲಿಯಾದಷ್ಟೇ ನೀರನ್ನು ತುಂಬುತ್ತಾ ಹೋದರೆ ಲವಣದ ಸಾಂದ್ರತೆ ಏರುತ್ತದೆ. ಹಾಗಾಗಿ ಉಳಿದ ನೀರನ್ನು ಆಗಾಗ ಪೂರ್ತಿ ಹೊರಚೆಲ್ಲಬೇಕು. ತೆಳುವಾದ ಪದರವನ್ನು ವಿನೆಗರ್ ಬೆರೆಸಿದ ನೀರಿನಿಂದ ತೆಗೆಯಬಹುದು. ಹಂಗಾಮು ಮುಗಿದ ನಂತರ ತೊಟ್ಟಿ ಮತ್ತು ಪ್ಯಾಡ್‌ಗಳನ್ನು ಒಣಗಿಸಿ ಇಡಬೇಕು.

ಆರೋಗ್ಯ ಮತ್ತು ಸುರಕ್ಷತೆ

ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯು ಕೂಲರ್ ತೊಟ್ಟಿಯಂತಹ ನಿಂತ ನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ಮೊಟ್ಟೆಗಳು ನೀರಿನ ಮಟ್ಟದ ಮೇಲಿನ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲುವುದಷ್ಟೇ ಸಾಲದು. ತೊಟ್ಟಿಯ ಒಳಗೋಡೆಗಳನ್ನು ಬ್ರಷ್‌ನಿಂದ ಉಜ್ಜಿ ತೊಳೆದು, ಒಣಗಿಸಿ, ಬಳಿಕ ಹೊಸ ನೀರು ತುಂಬಬೇಕು.

ಲೋಹದ ಕವಚದ ಕೂಲರ್‌ಗಳಲ್ಲಿ ತಂತಿಯ ಹೊದಿಕೆ ಸವೆದರೆ ವಿದ್ಯುತ್ ಆಘಾತದ ಅಪಾಯವಿರುತ್ತದೆ. ಮೂರು ಪಿನ್ನಿನ ಪ್ಲಗ್, ಸಮರ್ಪಕ ಅರ್ಥಿಂಗ್ ಮತ್ತು ಸೋರಿಕೆ ವಿದ್ಯುತ್ತನ್ನು ಗುರುತಿಸಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸ್ವಿಚ್ ಅಗತ್ಯ. ನೀರು ತುಂಬುವ ಮುನ್ನ ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತಿಡಬೇಕು.