ಸೂರಿನ ಕೆಳಗಣ ತಡಿಕೆಯೋಟ



ಯಾದಗಿರಿಯಿಂದ ಶಹಾಪುರದ ಮಾರ್ಗವಾಗಿ ಸುರಪುರಕ್ಕೆ ಪ್ರಯಾಣಮಾಡುವವರು, ಸುಗ್ಗಿ ತೀರಿದ ಹೊಲಗಳಲ್ಲಿ ಕುರಿಮಂದೆಗಳು ಇರುಳು ತಂಗುವುದನ್ನು ನೋಡಿರಬಹುದು. ಹೊಲದವನಿಗೆ ಗೊಬ್ಬರ ದೊರೆಯುತ್ತದೆ. ಕುರುಬನಿಗೆ ಕಾಳೋ ಕಾಸೋ ಸಲ್ಲುತ್ತದೆ. ಮಂದೆ ಚದುರದಂತೆ ಸುತ್ತಲೂ ಬಲೆ, ಮುಳ್ಳು ಇಲ್ಲವೆ ತಡಿಕೆಯನ್ನು ಕಟ್ಟುವುದುಂಟು. ಇಂಗ್ಲೆಂಡಿನ ಕುರುಬರೂ ಇದೇ ಉದ್ದೇಶದಿಂದ ಎಳೆಯ ಕೊಂಬೆಗಳನ್ನು ಹೆಣೆದ ತಡಿಕೆಗಳನ್ನು ಹೊಲದಿಂದ ಹೊಲಕ್ಕೆ ಹೊತ್ತು ನೆಡುತ್ತಿದ್ದರು. ಆ ತಡಿಕೆಗೆ ಅವರ ನುಡಿಯಲ್ಲಿ ‘ಹರ್ಡಲ್’ ಎಂದು ಹೆಸರು. ಜಗತ್ತಿನ ಕ್ರೀಡಾಂಗಣಗಳಲ್ಲಿ ಹರ್ಡಲ್ಸ್ ಎನಿಸಿಕೊಳ್ಳುವ ಓಟದ ಹುಟ್ಟು ಈ ಕುರಿಹಟ್ಟಿಯ ಬೇಲಿಯಲ್ಲಿದೆ. ಒಂದೇ ವಸ್ತು ಅಲ್ಲಿ ಪಂದ್ಯವಾಯಿತು, ಇಲ್ಲಿ ಬೇಲಿಯಾಗಿಯೇ ಉಳಿಯಿತು. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನೂ, ಆ ಓಟವು ಬಯಲನ್ನು ಬಿಟ್ಟು ಸೂರಿನ ಕೆಳಗೆ ಸೇರಿ 60 ಮೀಟರಿಗೆ ಇಳಿದ ಬಗೆಯನ್ನೂ ಈ ಸಂಜೆ ವಿಚಾರಮಾಡೋಣ.

ಮೆಡೋಸ್ ಟೇಲರನು ಸುರಪುರದಲ್ಲಿದ್ದ ಕಾಲಕ್ಕೆ, ಎಂದರೆ 1841ರಿಂದ 1853ರವರೆಗಿನ ಅವಧಿಯಲ್ಲಿ, ಇಂಗ್ಲೆಂಡಿನ ಶಾಲೆಗಳ ಹುಡುಗರು ಈ ತಡಿಕೆಗಳನ್ನು ದಾಟುತ್ತ ಓಡುವುದನ್ನು ಆಗಲೇ ಆಟವಾಗಿ ಮಾಡಿಕೊಂಡಿದ್ದರು. ಆಟಕ್ಕೆ ಅಳತೆ ಬಂದುದು ವಿಶ್ವವಿದ್ಯಾನಿಲಯಗಳಿಂದ. ರಾಜಾ ವೆಂಕಟಪ್ಪ ನಾಯಕರ ಸಂಸ್ಥಾನವು 1858ರಲ್ಲಿ ಬ್ರಿಟಿಷರ ಕೈಸೇರಿದ ಆರು ವರ್ಷಗಳ ಮೇಲೆ, 1864ರಲ್ಲಿ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳು ಓಟ ನೆಗೆತಗಳಲ್ಲಿ ಮೊದಲ ಸಲ ಎದುರುಬದುರಾದರು. ಆ ಹೊತ್ತಿಗೆ ನೆಲೆಗೊಂಡ ಕ್ರಮ ಹೀಗಿತ್ತು: ಓಟ 120 ಗಜ, ತಡಿಕೆಗಳು 10, ಎತ್ತರ ಮೂರೂವರೆ ಅಡಿ, ಹೊರಡುವ ಗೆರೆಯಿಂದ ಮೊದಲನೆಯ ತಡಿಕೆಗೆ 15 ಗಜ, ಒಂದರಿಂದ ಮತ್ತೊಂದಕ್ಕೆ 10 ಗಜ. ಈ ಅಂಕಿಗಳನ್ನು ಶ್ರೋತೃಗಳು ದಯಮಾಡಿ ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತವೆ.

ಮೊದಮೊದಲು ತಡಿಕೆಗಳನ್ನು ನೆಲದಲ್ಲಿ ಭದ್ರವಾಗಿ ನೆಡುತ್ತಿದ್ದರು. ಮುಗ್ಗರಿಸಿದವನ ಮೊಣಕಾಲಿಗೆ ಪೆಟ್ಟು ತಪ್ಪಿದ್ದಲ್ಲ. ಆದುದರಿಂದ ಓಟಗಾರನು ಭಯಪಟ್ಟು ಬೇಕಾದುದಕ್ಕಿಂತ ಎತ್ತರಕ್ಕೆ ನೆಗೆದು, ಗಾಳಿಯಲ್ಲಿಯೇ ಹೊತ್ತನ್ನು ಕಳೆಯುತ್ತಿದ್ದನು. 1900ರ ಪ್ಯಾರಿಸ್ ಒಲಿಂಪಿಕ್ ಕೂಟದಲ್ಲಿ ಅಮೆರಿಕದ ಆಲ್ವಿನ್ ಕ್ರೆಂಜ್ಲೈನನು ಮುಂಗಾಲನ್ನು ನೇರವಾಗಿ ಚಾಚಿ, ಮೈಯನ್ನು ಮುಂದಕ್ಕೆ ಬಾಗಿಸಿ, ತಡಿಕೆಯ ಮೇಲೆ ಓಡಿಯೇ ಹೋಗುವ ವಿಧಾನದಿಂದ ಎಲ್ಲರನ್ನೂ ಹಿಂದಿಕ್ಕಿದನು. ಅಲ್ಲಿಯ 200 ಮೀಟರಿನ ತಡಿಕೆಯೋಟದಲ್ಲಿ ಅವನ ಹಿಂದೆ ಎರಡನೆಯವನಾಗಿ ಬಂದವನು ಕಲ್ಕತ್ತೆಯಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್. ಆ ಪದಕ ಭಾರತದ್ದೋ ಬ್ರಿಟನ್ನಿನದೋ ಎಂಬ ವಾದ ಇನ್ನೂ ಮುಗಿದಿಲ್ಲ. ಪ್ರಿಚರ್ಡನಂತೂ ಮುಂದೆ ಹೆಸರು ಬದಲಿಸಿಕೊಂಡು ಅಮೆರಿಕದ ಮೂಕಚಿತ್ರಗಳಲ್ಲಿ ನಟನಾದನು! ತಗಲಿದೊಡನೆ ಮುಂದಕ್ಕೆ ಮಗುಚಿ ಬೀಳುವ ಈಗಿನ ತಡಿಕೆ ಬಳಕೆಗೆ ಬಂದುದು 1935ರ ಸುಮಾರಿನಲ್ಲಿ. ಭಯ ಹೋದ ಮೇಲೆ ವೇಗ ಬಂದಿತು.

ಈ ಓಟವನ್ನು ಸೂರಿನಡಿಗೆ ಕರೆತಂದುದು ಚಳಿಗಾಲ. ಉತ್ತರದ ದೇಶಗಳಲ್ಲಿ ಹಿಮ ಬಿದ್ದಾಗ ಬಯಲು ಉಪಯೋಗಕ್ಕೆ ಬಾರದು. ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್ಬಿನವರು 1868ರ ನವೆಂಬರಿನಲ್ಲಿ ಸ್ಕೇಟಿಂಗಿಗಾಗಿ ಕಟ್ಟಿದ ಮಂದಿರವೊಂದರಲ್ಲಿ ತಮ್ಮ ಮೊದಲ ಕೂಟವನ್ನು ನಡೆಸಿದರು. ಇಂತಹ ಕಟ್ಟಡಗಳಲ್ಲಿ 120 ಗಜದ ನೇರ ದಾರಿ ಎಲ್ಲಿ ದೊರಕಬೇಕು? ಗೋಡೆ ಎಲ್ಲಿ ನಿಲ್ಲಿಸಿತೋ ಅಲ್ಲಿಗೆ ಓಟ ನಿಂತಿತು. ಹೀಗೆ ಹತ್ತು ತಡಿಕೆ ಐದಾಯಿತು, ಓಟ 60 ಗಜವಾಯಿತು, ಕಾಲಾಂತರದಲ್ಲಿ 60 ಮೀಟರೆಂದು ನೆಲೆಗೊಂಡಿತು. 1966ರಲ್ಲಿ ಡಾರ್ಟ್‌ಮುಂಡಿನಲ್ಲಿ ಯೂರೋಪಿನವರ ಒಳಾಂಗಣ ಕೂಟ, 1985ರಲ್ಲಿ ಪ್ಯಾರಿಸ್ಸಿನಲ್ಲಿ ಜಗತ್ತಿನದು ನಡೆದವು.

ಗಂಡಸರ ಓಟದಲ್ಲಿ ಮೊದಲನೆಯ ತಡಿಕೆ 13.72 ಮೀಟರಿನಲ್ಲಿದೆ, ನಡುವಣ ಅಂತರ 9.14 ಮೀಟರು, ಎತ್ತರ 1.067 ಮೀಟರು. ಇವೇನು ವಿಚಿತ್ರ ಅಂಕಿಗಳೆಂದು ಬೆರಗಾಗಬೇಕಾಗಿಲ್ಲ. ಮೇಲೆ ಹೇಳಿದ 15 ಗಜ, 10 ಗಜ, ಮೂರೂವರೆ ಅಡಿಗಳೇ ಮೀಟರಿನ ವೇಷದಲ್ಲಿ ಬಂದಿವೆ. ಕೊನೆಯ ತಡಿಕೆಯಿಂದ ಗೆರೆಗೆ ಉಳಿಯುವುದು 9.72 ಮೀಟರು. ಅದರಾಚೆ ಗೋಡೆ, ಓಟಗಾರರು ಬಂದ ರಭಸಕ್ಕೆ ಅಪ್ಪಳಿಸದಿರಲೆಂದು ಅಲ್ಲಿ ದಪ್ಪ ಹಾಸನ್ನು ನಿಲ್ಲಿಸಿರುತ್ತಾರೆ. ಬ್ರಿಟನ್ನಿನ ಕಾಲಿನ್ ಜ್ಯಾಕ್ಸನ್ 1994ರಲ್ಲಿ ಈ ದೂರವನ್ನು 7.30 ಸೆಕೆಂಡುಗಳಲ್ಲಿ ಓಡಿದನು. ಅದರಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲನ್ನು ಕಳೆಯಲು ಜಗತ್ತಿಗೆ 27 ವರ್ಷ ಹಿಡಿಯಿತು! 2021ರಲ್ಲಿ ಹಾಗೆ ಕಳೆದ ಅಮೆರಿಕದ ಗ್ರಾಂಟ್ ಹಾಲೊವೇ 2024ರಲ್ಲಿ ಅದನ್ನು 7.27ಕ್ಕೆ ಇಳಿಸಿದನು.

ಈಗ ಸುರಪುರಕ್ಕೆ ಮರಳೋಣ. 1705ರಲ್ಲಿ ಔರಂಗಜೇಬನು ಮುಪ್ಪಿನಲ್ಲಿ ತಾನೇ ಬಂದು ವಾಗಣಗೇರಾ ಕೋಟೆಯನ್ನು ಮುತ್ತಿದಾಗ, ಆ ಕಲ್ಲುಗುಡ್ಡಗಳ ನಡುವೆ ಬೇಡ ನಾಯಕರ ಕಾಲಾಳುಗಳು ಮೊಗಲರ ದೊಡ್ಡ ದಂಡನ್ನು ತಿಂಗಳುಗಟ್ಟಲೆ ತಡೆದರು. ಕಡೆಗೆ ಕೈಗೆ ಸಿಕ್ಕದೆ ನುಸುಳಿಹೋದರು. ಬಂಡೆಯಿಂದ ಬಂಡೆಗೆ ಹಾರುವವರ ನಾಡಿಗೆ ತಡಿಕೆಯೋಟವು ತಾನಾಗಿ ಒಲಿಯಬೇಕೆಂದು ಯಾರಾದರೂ ಭಾವಿಸಬಹುದು. ನಾನು ಒಪ್ಪಲಾರೆ. ಬಂಡೆ ಹಾರುವವನು ಪ್ರತಿ ಹೆಜ್ಜೆಯನ್ನೂ ನೆಲ ನೋಡಿ ಬದಲಿಸುತ್ತಾನೆ. ತಡಿಕೆಯೋಟದವನು ಬದಲಿಸಕೂಡದು. ತಡಿಕೆ ತಡಿಕೆಗಳ ನಡುವೆ ಅವನಿಗೆ ಮೂರೇ ಹೆಜ್ಜೆ. ನಾಲ್ಕಾದರೆ ಕಾಲು ಬದಲಾಗುತ್ತದೆ. ಇದು ಮೃದಂಗದ ಲೆಕ್ಕಕ್ಕೆ ಹತ್ತಿರವಾದದ್ದು, ಬೇಟೆಗೆ ದೂರವಾದದ್ದು. ಆ ಲೆಕ್ಕ ಮೈಗೂಡಬೇಕಾದರೆ ಮಟ್ಟಸವಾದ ನೆಲ, ಅಳೆದಿಟ್ಟ ತಡಿಕೆ, ಬಾಲ್ಯದಿಂದ ದಿನವೂ ಬಿಡುವು ಇರಬೇಕು. ಆಕ್ಸ್‌ಫರ್ಡಿನವರಿಗೆ ಇದ್ದುದೂ ನಮ್ಮ ಕುರುಬರ ಮಕ್ಕಳಿಗೆ ಇಲ್ಲದುದೂ ಇದೇ, ಕಾಲಿನ ಬಲವಲ್ಲ.

ಕರ್ನಾಟಕದ ಹೆಸರು ತಡಿಕೆಯೋಟದಲ್ಲಿ ಇಲ್ಲವೆಂದಲ್ಲ. ಕುಂದಾಪುರದ ಕಡೆಯ ಅಶ್ವಿನಿ ಅಕ್ಕುಂಜಿಯವರು 2010ರ ಗುವಾಂಗ್‌ಜೌ ಏಷ್ಯನ್ ಕೂಟದಲ್ಲಿ 400 ಮೀಟರಿನ ತಡಿಕೆಯೋಟವನ್ನು ಗೆದ್ದರು. ಅದು ಬಯಲಿನ ಓಟ. ಸೂರಿನಡಿಯ 60 ಮೀಟರಿನಲ್ಲಿ ಭಾರತಕ್ಕೆ ಏಷ್ಯದ ಚಿನ್ನವನ್ನು ತಂದವರು ವಿಶಾಖಪಟ್ಟಣದ ಜ್ಯೋತಿ ಯರ್ರಾಜಿಯವರು: 2024ರ ಫೆಬ್ರವರಿ, ಟೆಹರಾನ್, 8.12 ಸೆಕೆಂಡು. ಅದೇ ವರ್ಷ ಫಿನ್ಲೆಂಡಿನಲ್ಲಿ 110 ಮೀಟರಿನ ತಡಿಕೆಯೋಟವನ್ನು 13.41 ಸೆಕೆಂಡುಗಳಲ್ಲಿ ಓಡಿ ರಾಷ್ಟ್ರದ ದಾಖಲೆಯನ್ನು ಮುರಿದ ತೇಜಸ್ ಶಿರ್ಸೆಯವರು ಔರಂಗಾಬಾದ್ ಸೀಮೆಯವರು. ಯಾದಗಿರಿಯಂತೆ ಆ ಸೀಮೆಯೂ ಹಿಂದೆ ನಿಜಾಮರ ರಾಜ್ಯಕ್ಕೆ ಸೇರಿತ್ತು.

ಭುವನೇಶ್ವರದಲ್ಲಿ ಒಳಾಂಗಣದ ಓಟದಂಗಳವೇನೋ ಏರ್ಪಟ್ಟಿದೆ. ಯಾದಗಿರಿಯಲ್ಲಿ ಬಿಸಿಲು ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುತ್ತದೆ. ಅಲ್ಲಿಗೆ ಸೂರು ಬೇಕಾದೀತು, ಹಿಮಕ್ಕಲ್ಲ, ಬೆಂಕಿಯಂಥ ಬಿಸಿಲಿಗೆ. ಆದರೆ ಸೂರು ಬರುವ ತನಕ ಶಹಾಪುರದ ಹುಡುಗಿಯೊಬ್ಬಳು ಕಾಯಬೇಕಾಗಿಲ್ಲ. ಹೆಂಗಸರ ಓಟದಲ್ಲಿ ಮೊದಲ ತಡಿಕೆಗೆ 13 ಮೀಟರು, ಆಮೇಲೆ ಎಂಟೂವರೆ ಮೀಟರಿಗೊಂದು. ಕಲಿಯುವ ಮಕ್ಕಳಿಗೆ ಎರಡನ್ನೂ ಕಡಮೆಮಾಡಿಕೊಳ್ಳಬಹುದು. ಬೆಳಗಿನ ತಂಪಿನಲ್ಲಿ, ಶಾಲೆಯ ಬಯಲಿನಲ್ಲಿ, ಎರಡೆರಡು ಇಟ್ಟಿಗೆಗಳ ಮೇಲೆ ಸಡಿಲವಾಗಿ ಇರಿಸಿದ ಬಿದಿರುಗಳು ಐದು ಸಾಕು. ಕಾಲು ತಗಲಿದರೆ ಬಿದಿರು ಬೀಳಬೇಕು, ಮಗು ಬೀಳಬಾರದು.