ಬನ್ನಿನೊಳಗಿನ ಹೂರಣ

ಆಲಮಟ್ಟಿ ಕಡೆಯ ನಮಗೆ ಹೂರಣ ಎಂದರೆ ಹೋಳಿಗೆ. ಬ್ರೆಡ್ಡಿನ ಇತಿಹಾಸದಲ್ಲೂ ಹೂರಣಕ್ಕೆ ಪಾಲಿದೆ. 1874ರಲ್ಲಿ ಟೋಕಿಯೋದ ಗಿಂಜಾದಲ್ಲಿ ಕಿಮುರಾಯಾ ಬೇಕರಿಯ ಕಿಮುರಾ ಯಾಸುಬೆ, ಜಪಾನಿಗರಿಗೆ ಇನ್ನೂ ಹೊಸದಾಗಿದ್ದ ಬ್ರೆಡ್ಡಿಗೆ ಕೆಂಪು ಅಜುಕಿ ಕಾಳಿನ ಸಿಹಿ ಹೂರಣ ತುಂಬಿದ. ಹಿಟ್ಟು ಉಬ್ಬಲು ಬಳಸಿದ್ದು ಅಕ್ಕಿಯಿಂದ ಮಾಡುವ ಸಾಕೆ ಮದ್ಯದ ಹುದುಗು. ಮರುವರ್ಷ, ಉಪ್ಪಿನಲ್ಲಿ ಹಾಕಿದ ಚೆರ್ರಿ ಹೂವಿಟ್ಟ ಈ ‘ಆನ್‌ಪಾನ್’ ಮೇಜಿ ಚಕ್ರವರ್ತಿಗೂ ಸಲ್ಲಿತು. ‘ಪಾನ್’ ಎಂಬುದು ಪೋರ್ಚುಗೀಸರ ಪದ; ನಮ್ಮ ‘ಪಾವ್’ ಕೂಡ ಅದೇ.

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳು ನಡೆದದ್ದೂ ಇದೇ ದಾರಿಯಲ್ಲಿ. ಮಡಿವಂತ ಮನೆಗಳು ಬ್ರೆಡ್ ಮುಟ್ಟಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವು ಮೊಟ್ಟೆ ಬಿಟ್ಟವು. ಖಾರ ಬನ್ನಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಬೆರೆಸಿದವು. 1953ರಲ್ಲಿ ಶುರುವಾದ ವಿ.ವಿ. ಪುರದ ವಿ.ಬಿ. ಬೇಕರಿಯೆದುರು ನಿಂತು ನಾನು ತಿಂದದ್ದು ಬೆಣ್ಣೆ ಸವರಿದ ಕಾಂಗ್ರೆಸ್ ಬನ್. ಒಳಗಿದ್ದದ್ದು ಕಡಲೆಬೀಜ, ನಮ್ಮ ಮಾತಿನಲ್ಲಿ ಖಾರ ಶೇಂಗಾ.

ಹಳೆಯ ಬೇಕರಿ ಕಂಡರೆ ನಮಗೆ ನಮ್ಮ ಬಾಲ್ಯ ನೆನಪಾಗುತ್ತದೆ. ಅಲ್ಲಿನ ಗಾಜಿನ ಕಪಾಟಿನಲ್ಲಿ ಅದಕ್ಕೂ ಹಿಂದಿನ ಒಂದು ನೆನಪಿದೆ: ಪರಕೀಯವೆಂದು ದೂರವಿಟ್ಟದ್ದನ್ನು ಸಮಾಜವೊಂದು ತನ್ನ ರುಚಿಗೆ, ತನ್ನ ನೇಮಕ್ಕೆ ಒಗ್ಗಿಸಿಕೊಂಡ ಬಗೆ. ವಸಾಹತು ಕಾಲದ ‘ಪ್ರಭಾವ’ವನ್ನು ಬರೆಯುವಾಗ ನಾವು ಕೊಟ್ಟವರನ್ನಷ್ಟೇ ಹೆಸರಿಸುತ್ತೇವೆ. ಪಡೆದು ಬದಲಿಸಿದವರ ಕೆಲಸವನ್ನೂ ಇತಿಹಾಸವೆಂದೇ ಓದಬೇಕು.