ದೇಶ ಬದಲಾದಾಗ ಬದಲಾಗಬೇಕಾದ ಬಯೋಡೇಟಾ: ಭಾಗ್ಯನಗರದ ಅನುಭವ ಟೊರಾಂಟೊಗೆ ಅರ್ಥವಾಗುವುದು ಹೇಗೆ?

ಕೊಪ್ಪಳ: ಕೊಪ್ಪಳ ನಗರಕ್ಕೆ ಹೊಂದಿಕೊಂಡಿರುವ ಭಾಗ್ಯನಗರವು ನೇಕಾರಿಕೆಗೆ ಹಾಗೂ ಮಾನವ ಕೂದಲಿನ ಸಂಸ್ಕರಣೆಗೆ ಹೆಸರಾದ ಪಟ್ಟಣ. ಇಲ್ಲಿನ ಕೂದಲು ಘಟಕವೊಂದರಲ್ಲಿ ಆರು ವರ್ಷ ಲೆಕ್ಕಪತ್ರ ಹಾಗೂ ರಫ್ತಿನ ಕಾಗದಪತ್ರ ನೋಡಿಕೊಂಡ ಬಿ.ಕಾಂ. ಪದವೀಧರನೊಬ್ಬ ಹೊಸಪೇಟೆಯಲ್ಲೋ ಗಂಗಾವತಿಯಲ್ಲೋ ಕೆಲಸ ಕೇಳಿಕೊಂಡು ಹೋದನೆನ್ನೋಣ. ಘಟಕದ ಹೆಸರು ಹೇಳಿದರೆ ಸಾಕು, ಆತ ಯಾವ ಬಗೆಯ ಕೆಲಸ ಮಾಡಿರಬಹುದು, ಎಷ್ಟು ಜವಾಬ್ದಾರಿ ಹೊತ್ತಿರಬಹುದು ಎಂಬುದು ಎದುರಿಗೆ ಕುಳಿತವರಿಗೆ ಅರ್ಧ ತಿಳಿದುಬಿಡುತ್ತದೆ. ಅದೇ ಪದವೀಧರ ಕೆನಡಾಕ್ಕೆ ವಲಸೆ ಹೋಗಿ ಟೊರಾಂಟೊದ ಸಂಸ್ಥೆಗಳಿಗೆ ಅದೇ ಬಯೋಡೇಟಾ ಕಳುಹಿಸಿದರೆ ಅದನ್ನು ಓದುವವರಿಗೆ ಘಟಕವೂ ಗೊತ್ತಿಲ್ಲ, ಊರೂ ಗೊತ್ತಿಲ್ಲ, ವಿಶ್ವವಿದ್ಯಾಲಯವೂ ಗೊತ್ತಿಲ್ಲ. ಉತ್ತರವೇ ಬಾರದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಇಂತಹ ಸಂದರ್ಭದಲ್ಲಿ ಬಹುತೇಕರು ಮೊದಲು ಸಂಶಯಪಡುವುದು ತಮ್ಮ ಇಂಗ್ಲಿಷನ್ನು. ಭಾಷೆ ತಿದ್ದಿಸಲು, ಪುಟಕ್ಕೆ ಬಣ್ಣದ ಅಂಚು ಹಾಕಿಸಲು ಹಣ ತೆತ್ತವರೂ ಇದ್ದಾರೆ. ತೊಡಕಿನ ಮೂಲ ಹೆಚ್ಚಾಗಿ ಅಲ್ಲಿರುವುದಿಲ್ಲ. ನಮ್ಮ ಬಯೋಡೇಟಾ ಓದುಗನಿಗೆ ಮೊದಲೇ ಪರಿಚಯವಿರುವ ಹೆಸರುಗಳ ಮೇಲೆ ನಿಂತಿರುತ್ತದೆ. ಆ ಪರಿಚಯವೇ ಇಲ್ಲದ ಊರಿನಲ್ಲಿ ಪ್ರತಿಯೊಂದು ಹೆಸರನ್ನೂ ಕೆಲಸವಾಗಿ, ಪ್ರಮಾಣವಾಗಿ, ದಾಖಲೆಯಾಗಿ ಬಿಡಿಸಿ ಹೇಳಬೇಕಾಗುತ್ತದೆ.

ಅನುಭವವನ್ನು ಬಿಡಿಸಿ ಬರೆಯುವ ಬಗೆ

ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. "ಅಕೌಂಟೆಂಟ್, ಇಂಥ ಹೇರ್ ಇಂಡಸ್ಟ್ರೀಸ್, ಭಾಗ್ಯನಗರ, ಆರು ವರ್ಷ" ಎಂಬ ಒಂದು ಸಾಲು ವಿದೇಶದ ಓದುಗನಿಗೆ ಕ್ಷೌರದಂಗಡಿಯ ಲೆಕ್ಕಿಗನೆಂಬ ಭಾವನೆ ಹುಟ್ಟಿಸಿದರೂ ಅಚ್ಚರಿಯಿಲ್ಲ. ಅದರ ಬದಲು ಮೊದಲ ವಾಕ್ಯದಲ್ಲಿ ಘಟಕ ಯಾವುದೆಂದು ಹೇಳಬೇಕು: ಕೂದಲನ್ನು ಕೊಂಡು, ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ಅನುಗುಣವಾಗಿ ವಿಂಗಡಿಸಿ, ಕಟ್ಟು ಕಟ್ಟಿ ಮಾರುವ ಸಂಸ್ಕರಣಾ ಘಟಕ, ಇಷ್ಟು ಕೆಲಸಗಾರರು, ಅವರಲ್ಲಿ ಇಷ್ಟು ಮಂದಿ ತುಂಡುಗೂಲಿಯವರು. ಎರಡನೆಯದರಲ್ಲಿ ತಾನು ನಿರ್ವಹಿಸಿದ್ದು ಏನೆಂದು ಬರೆಯಬೇಕು: ಎಷ್ಟು ಜನರ ವೇತನಪಟ್ಟಿ, ತಿಂಗಳಿಗೆ ಎಷ್ಟು ಇನ್‌ವಾಯ್ಸ್, ಯಾವ ಬಂದರಿನ ಮೂಲಕ ಯಾವ ದೇಶಕ್ಕೆ ಸರಕು. ಅಂಕಿಗಳು ದೊಡ್ಡವಾಗಿರಬೇಕೆಂದೇನೂ ಇಲ್ಲ, ನಿಜವಾಗಿದ್ದರೆ ಸಾಕು.

ರಫ್ತಿನ ಕೆಲಸ ಮಾಡಿದವರ ಬಳಿ ತಾವೇ ಗಮನಿಸದ ಬಂಡವಾಳವೊಂದಿರುತ್ತದೆ. ಸಂಸ್ಕರಿಸದ ಕೂದಲು ಅಂತರರಾಷ್ಟ್ರೀಯ ಸುಂಕ ವರ್ಗೀಕರಣದಲ್ಲಿ 0501ನೇ ಶೀರ್ಷಿಕೆಯಡಿ ಬರುತ್ತದೆ, ಸಂಸ್ಕರಿಸಿದ್ದು 6703ರಡಿ, ವಿಗ್‌ಗಳು 6704ರಡಿ. ಈ ಶೀರ್ಷಿಕೆಗಳು ಕೊಪ್ಪಳದಲ್ಲೂ ಟೊರಾಂಟೊದಲ್ಲೂ ಒಂದೇ. 2022ರ ಜನವರಿಯಲ್ಲಿ ಕೇಂದ್ರ ಸರಕಾರವು ಕಚ್ಚಾ ಕೂದಲಿನ ರಫ್ತನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆ ಬದಲಾವಣೆಯ ನಡುವೆ ಪರವಾನಗಿ ಹಾಗೂ ಸಾಗಣೆಯ ಕಾಗದಗಳನ್ನು ಸಂಭಾಳಿಸಿದವರಿಗೆ ಅದೊಂದೇ ಸಂಗತಿ ಎರಡು ಸಾಲಿಗೆ ವಸ್ತುವಾಗುತ್ತದೆ. ಕಸ್ಟಮ್ಸ್ ದಾಖಲೆ ಬಲ್ಲವರನ್ನು ಹುಡುಕುವ ಸರಕು ಸಾಗಣೆ ಸಂಸ್ಥೆಗೆ ಕೂದಲು ಮುಖ್ಯವಲ್ಲ, ವರ್ಗೀಕರಣ ಬಲ್ಲ ವ್ಯಕ್ತಿ ಮುಖ್ಯ.

ತೆರಿಗೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಭಾರತದಲ್ಲಿ ಜಿ.ಎಸ್.ಟಿ. ಜಾರಿಗೆ ಬಂದುದು 2017ರ ಜುಲೈ 1ರಂದು. ಕೆನಡಾದಲ್ಲಿ ಇದೇ ಹೆಸರಿನ ತೆರಿಗೆ 1991ರಿಂದಲೇ ಇದೆ. ಬರಿದೆ "ಜಿ.ಎಸ್.ಟಿ. ವಿವರ ಸಲ್ಲಿಕೆ" ಎಂದು ಬರೆದರೆ ಅಲ್ಲಿನ ತೆರಿಗೆಯನ್ನೇ ಬಲ್ಲನೆಂದು ಓದುಗ ಭಾವಿಸಬಹುದು. ಸಂದರ್ಶನದಲ್ಲಿ ಪೇಚಿಗೆ ಸಿಲುಕುವುದಕ್ಕಿಂತ "ಭಾರತದ" ಎಂಬ ಒಂದು ಪದ ಸೇರಿಸುವುದು ಲೇಸು. ಟ್ಯಾಲಿ ತಂತ್ರಾಂಶದ ಹೆಸರು ಕೊಲ್ಲಿ ರಾಷ್ಟ್ರಗಳಲ್ಲಿ ಚಿರಪರಿಚಿತ. ಕೆನಡಾದ ಸಣ್ಣ ಸಂಸ್ಥೆಗಳಲ್ಲಿ ಕ್ವಿಕ್‌ಬುಕ್ಸ್, ಸೇಜ್ ಮುಂತಾದವು ಹೆಚ್ಚು ಬಳಕೆಯಲ್ಲಿವೆ. ಅಲ್ಲಿಗೆ ಹೋದವರು ಟ್ಯಾಲಿಯ ಹೆಸರಿನ ಜತೆಗೆ ಅದರಲ್ಲಿ ಮಾಡಿದ ಕೆಲಸವನ್ನೂ ಬರೆಯಬೇಕು: ಬ್ಯಾಂಕ್ ತಾಳೆ, ದಾಸ್ತಾನು, ಬಾಕಿ ವಸೂಲಿ.

ಗಿಣಿಗೇರಾ, ಬೇವಿನಹಳ್ಳಿ ಅಥವಾ ತೋರಣಗಲ್ಲಿನ ಕಬ್ಬಿಣ-ಉಕ್ಕು ಕಾರ್ಖಾನೆಗಳಿಂದ ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕುಲುಮೆಯ ಗಾತ್ರ, ಪಾಳಿಯಲ್ಲಿದ್ದ ಕೆಲಸಗಾರರ ಸಂಖ್ಯೆ, ಹೊತ್ತಿದ್ದ ಸುರಕ್ಷತಾ ಹೊಣೆ ಇವು ಕಂಪನಿಯ ಹೆಸರಿಗಿಂತ ಹೆಚ್ಚು ಹೇಳುತ್ತವೆ. ಲಕ್ಷ, ಕೋಟಿಗಳನ್ನು ಮಿಲಿಯನ್‌ಗೆ ಬದಲಿಸಬೇಕು. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿಯೇ ಬರೆಯಬೇಕು, ಏಕೆಂದರೆ 03/04 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4.

ಊರು ಅದೇ, ವಿಶ್ವವಿದ್ಯಾಲಯ ಬೇರೆ

ಕೊಪ್ಪಳ ಭಾಗದವರಿಗೆ ವಿಶೇಷವಾಗಿ ಎದುರಾಗುವ ತೊಡಕು ವಿದ್ಯಾಭ್ಯಾಸದ ವಿಭಾಗದಲ್ಲಿದೆ. ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಅದಕ್ಕೂ ಮೊದಲು ಹುಟ್ಟಿದವರ ಹಳೆಯ ದಾಖಲೆಗಳಲ್ಲಿ ಜಿಲ್ಲೆ ರಾಯಚೂರು. ಇಲ್ಲಿನ ಪದವಿ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಸೇರಿದವು. 2023ರಲ್ಲಿ ಕೊಪ್ಪಳದಲ್ಲಿಯೇ ವಿಶ್ವವಿದ್ಯಾಲಯ ಆರಂಭವಾಯಿತು. ಸಾಲದೆಂಬಂತೆ 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳ ಇಂಗ್ಲಿಷ್ ರೂಪವನ್ನು ಸರಕಾರ ಬದಲಿಸಿತು. ಗುಲ್ಬರ್ಗ ಕಲಬುರಗಿಯಾಯಿತು, ಬೆಲ್ಲರಿ ಬಳ್ಳಾರಿಯಾಯಿತು, ಹಾಸ್ಪೇಟ್ ಹೊಸಪೇಟೆಯಾಯಿತು. ಒಂದೇ ಮನೆಯ ಅಣ್ಣ-ತಮ್ಮಂದಿರು ಒಂದೇ ಕಾಲೇಜಿನಲ್ಲಿ ಓದಿಯೂ ಬೇರೆ ಬೇರೆ ವಿಶ್ವವಿದ್ಯಾಲಯಗಳ ಪದವೀಧರರಾಗಿರುವುದು ಇಲ್ಲಿ ಸಾಮಾನ್ಯ.

ಬಯೋಡೇಟಾದಲ್ಲಿ ಪದವಿ ಪ್ರಮಾಣಪತ್ರದ ಮೇಲಿರುವ ಹೆಸರನ್ನೇ ಬರೆದು, ಊರಿನ ಈಗಿನ ರೂಪವನ್ನು ಪಕ್ಕದಲ್ಲಿ ಸೇರಿಸುವುದು ಸೂಕ್ತ. ಪದವಿ ಇದ್ದವರು ಎಸ್ಸೆಸ್ಸೆಲ್ಸಿ, ಪಿ.ಯು.ಸಿ.ಗಳನ್ನು ಕೈಬಿಡಬಹುದು, ಹೇಳಲೇಬೇಕಾದರೆ 10ನೇ, 12ನೇ ತರಗತಿ ಎಂದು ಬರೆದರೆ ಅರ್ಥವಾಗುತ್ತದೆ. ಶೇಕಡಾವಾರು ಅಂಕಗಳದ್ದು ಇನ್ನೊಂದು ಗೋಜಲು. ನಮ್ಮಲ್ಲಿ ಶೇ. 62 ಪ್ರಥಮ ದರ್ಜೆ. ಅಂಕಗಳನ್ನು ಧಾರಾಳವಾಗಿ ನೀಡುವ ಅಮೆರಿಕದಲ್ಲಿ ಅದು ಕಳಪೆಯೆನಿಸಬಹುದು. ಜರ್ಮನಿಯಲ್ಲಂತೂ 1.0 ಅತ್ಯುತ್ತಮ, 4.0 ಕನಿಷ್ಠ ಉತ್ತೀರ್ಣ. ಆದ್ದರಿಂದ ಅಂಕಿಯ ಬದಲು ದರ್ಜೆ ಬರೆದರೆ ಕ್ಷೇಮ.

ಮೂರು ವರ್ಷದ ಪದವಿಯನ್ನು ನಾಲ್ಕು ವರ್ಷದ ಪದವಿಗೆ ಸಮವೆಂದು ಎಲ್ಲ ದೇಶಗಳೂ ಒಪ್ಪುವುದಿಲ್ಲ. ಕೆನಡಾಕ್ಕೆ ವೃತ್ತಿನಿಪುಣರಾಗಿ ವಲಸೆ ಹೋಗುವವರು ವರ್ಲ್ಡ್ ಎಜುಕೇಶನ್ ಸರ್ವಿಸಸ್‌ನಂತಹ ಮಾನ್ಯ ಸಂಸ್ಥೆಯಿಂದ ಪದವಿಯ ಮೌಲ್ಯಮಾಪನ ಮಾಡಿಸಿರುತ್ತಾರೆ. ಆ ವರದಿಯಲ್ಲಿರುವ ಸಮಾನ ಅರ್ಹತೆಯನ್ನು ಬಯೋಡೇಟಾದಲ್ಲಿ ಒಂದು ಸಾಲಿನಲ್ಲಿ ನಮೂದಿಸದೆ ಬಿಡುವವರು ಕೈಯಲ್ಲಿದ್ದ ಆಧಾರವನ್ನು ಪೆಟ್ಟಿಗೆಯಲ್ಲಿಟ್ಟಂತೆ. ಜರ್ಮನಿಗೆ ಹೋಗುವವರು ಅನಾಬಿನ್ ಎಂಬ ಸರಕಾರಿ ದತ್ತಾಂಶ ಕೋಶದಲ್ಲಿ ತಮ್ಮ ವಿಶ್ವವಿದ್ಯಾಲಯ ಯಾವ ಶ್ರೇಣಿಯಲ್ಲಿದೆ ಎಂದು ನೋಡಿಕೊಳ್ಳಬೇಕು. ಬ್ರಿಟನ್‌ನಲ್ಲಿ ಈ ಕೆಲಸ ಯು.ಕೆ. ಎನಿಕ್‌ನದು. ಎಂಜಿನಿಯರುಗಳು ಇನ್ನೊಂದನ್ನು ಗಮನಿಸಬೇಕು. ಕೆನಡಾದ ಪ್ರಾಂತಗಳಲ್ಲಿ ಆ ಪದನಾಮಕ್ಕೆ ಕಾನೂನಿನ ಕಾವಲಿದೆ. ಪರವಾನಗಿ ಪಡೆಯದೆ ತಮ್ಮ ಹೆಸರಿನ ಮುಂದೆ ಅದನ್ನು ಹಾಕಿಕೊಳ್ಳುವಂತಿಲ್ಲ.

ಹೆಸರಿನ ತಕರಾರು

ಉತ್ತರ ಕರ್ನಾಟಕದವರಿಗೆ ಮನೆತನದ ಅಡ್ಡಹೆಸರು ಉಂಟು. ಆದರೆ ಶಾಲಾ ದಾಖಲೆಯಲ್ಲಿ ಅದು ಕೆಲವೊಮ್ಮೆ ಮೊದಲು, ಕೆಲವೊಮ್ಮೆ ಕೊನೆಗೆ, ನಡುವೆ ತಂದೆಯ ಹೆಸರು. ಹಳೆ ಮೈಸೂರು ಭಾಗದವರಿಗೆ ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಸ್ಥಳ ಖಾಲಿ ಬಿಟ್ಟವರ ಫಜೀತಿ ವಿಮಾನ ಹತ್ತುವ ಮೊದಲೇ ಆರಂಭವಾಗುತ್ತದೆ. 2022ರ ನವೆಂಬರ್‌ನಲ್ಲಿ ಯು.ಎ.ಇ.ಯು ಪ್ರವಾಸಿ ಹಾಗೂ ಭೇಟಿ ವೀಸಾದ ಮೇಲೆ ಬರುವ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಅಮೆರಿಕದ ವೀಸಾದಲ್ಲಿ ಇಂಥವರ ಮೊದಲ ಹೆಸರಿನ ಜಾಗದಲ್ಲಿ "ಎಫ್.ಎನ್.ಯು." ಎಂದು, ಅಂದರೆ ಮೊದಲ ಹೆಸರು ತಿಳಿದಿಲ್ಲವೆಂದು, ಅಚ್ಚಾಗುತ್ತದೆ.

ಬಯೋಡೇಟಾದ ತಲೆಯಲ್ಲಿ ಇರಬೇಕಾದುದು ಪಾಸ್‌ಪೋರ್ಟಿನ ಹೆಸರು, ಅದೇ ಕಾಗುಣಿತದಲ್ಲಿ. ಬಸವರಾಜ್ ಎಂಬ ಹೆಸರಿನ ಕೊನೆಯಲ್ಲಿ ಒಂದು ದಾಖಲೆಯಲ್ಲಿ 'ಎ' ಅಕ್ಷರವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹಿನ್ನೆಲೆ ಪರಿಶೀಲನೆ ನಡೆಸುವವರಿಗೆ ಅವರು ಇಬ್ಬರು ವ್ಯಕ್ತಿಗಳು. ಉಚ್ಚಾರಣೆಗೆ ಸುಲಭವಾಗಲೆಂದು ಮೊಟಕು ಹೆಸರು ಇಟ್ಟುಕೊಳ್ಳುವುದು ಅವರವರ ಇಷ್ಟ. ಅದನ್ನು ಪೂರ್ಣ ಹೆಸರಿನ ಜತೆಗೆ ಬರೆಯಬೇಕೇ ಹೊರತು ಬದಲಿಗೆ ಅಲ್ಲ.

ದೇಶಕ್ಕೊಂದು ಪದ್ಧತಿ

ನಮ್ಮ ಬಯೋಡೇಟಾದಲ್ಲಿ ತಂದೆಯ ಹೆಸರು, ಜನ್ಮದಿನಾಂಕ, ಧರ್ಮ, ವೈವಾಹಿಕ ಸ್ಥಿತಿ, ಗುಡಿಯ ಹತ್ತಿರದ ಮನೆಯ ಪೂರ್ಣ ವಿಳಾಸ, ಕೊನೆಗೆ "ಮೇಲಿನ ವಿವರಗಳು ಸತ್ಯವೆಂದು ಪ್ರಮಾಣೀಕರಿಸುತ್ತೇನೆ" ಎಂಬ ಘೋಷಣೆ ಇರುವುದು ರೂಢಿ. ಬ್ರಿಟನ್, ಅಮೆರಿಕ, ಕೆನಡಾಗಳಿಗೆ ಇವೆಲ್ಲವೂ ಬೇಡ, ಭಾವಚಿತ್ರವೂ ಬೇಡ. ಊರು, ದೂರವಾಣಿ, ಇ-ಮೇಲ್ ಸಾಕು. ಅಮೆರಿಕದಲ್ಲಿ ಹೊಸಬರಿಗೆ ಒಂದು ಪುಟ, ಬ್ರಿಟನ್‌ನಲ್ಲಿ ಎರಡು ಪುಟ ವಾಡಿಕೆ. ಕೊಲ್ಲಿ ರಾಷ್ಟ್ರಗಳಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಭಾವಚಿತ್ರ, ರಾಷ್ಟ್ರೀಯತೆ, ವೀಸಾದ ಸ್ಥಿತಿ, ಕೆಲಸಕ್ಕೆ ಸೇರಬಹುದಾದ ದಿನ ಇವನ್ನು ಉದ್ಯೋಗದಾತರು ಮೊದಲು ನೋಡುತ್ತಾರೆ. ಜರ್ಮನಿಯಲ್ಲಿ 2006ರ ಸಮಾನತಾ ಕಾಯ್ದೆಯ ನಂತರ ಭಾವಚಿತ್ರ ಕಡ್ಡಾಯವಲ್ಲದಿದ್ದರೂ ಹಚ್ಚುವವರು ಇನ್ನೂ ಇದ್ದಾರೆ. ಕೊನೆಯಲ್ಲಿ ಸ್ಥಳ, ದಿನಾಂಕ, ಸಹಿ ಹಾಕುವ ಹಳೆಯ ಪದ್ಧತಿಯೂ ಉಳಿದಿದೆ. ಲಂಡನ್ನಿಗಾಗಿ ಅಳಿಸಿದ ಸಹಿಯನ್ನು ಬರ್ಲಿನ್‌ಗಾಗಿ ಮತ್ತೆ ಹಾಕಬೇಕಾದೀತು.

ಹೇಳಿದ್ದಕ್ಕೆ ಆಧಾರ

ಕೆನಡಾದ ವಲಸೆ ಇಲಾಖೆ ಕೇಳುವ ಅನುಭವ ಪತ್ರದಲ್ಲಿ ಹುದ್ದೆ, ಕರ್ತವ್ಯಗಳು, ವಾರಕ್ಕೆ ಎಷ್ಟು ಗಂಟೆ, ವೇತನ ಎಲ್ಲವೂ ಇರಬೇಕು. ಸಣ್ಣ ಘಟಕಗಳಲ್ಲಿ ನಂಬಿಕೆಯ ಮೇಲೆ ಕೆಲಸ ನಡೆಯುವುದರಿಂದ ಇಂತಹ ಪತ್ರ ಕೇಳುವುದೇ ಮುಜುಗರ. ಆದರೂ ಊರು ಬಿಡುವ ಮೊದಲೇ ಕೇಳಿ ಪಡೆಯುವುದು ಒಳ್ಳೆಯದು, ಏಕೆಂದರೆ ಬಯೋಡೇಟಾದ ಮಾತೂ ಈ ಪತ್ರದ ಮಾತೂ ತಾಳೆಯಾಗಬೇಕು. ಎರಡು ವರ್ಷದ ಅನುಭವವನ್ನು ಐದು ಮಾಡಿಕೊಡುವ ದಲ್ಲಾಳಿಗಳಿಗೆ ಬರವಿಲ್ಲ. ವಲಸೆ ಅರ್ಜಿಯಲ್ಲಿ ಸುಳ್ಳು ಹೇಳಿದುದು ಪತ್ತೆಯಾದರೆ ಕೆನಡಾದಲ್ಲಿ ಐದು ವರ್ಷ ಪ್ರವೇಶ ನಿಷೇಧವಿದೆ. ಅದನ್ನು ಅನುಭವಿಸುವವನು ಅರ್ಜಿದಾರ, ದಲ್ಲಾಳಿಯಲ್ಲ.

ಪತಿಯ ಅಥವಾ ಪತ್ನಿಯ ಉದ್ಯೋಗದ ನಿಮಿತ್ತ ಹೋಗಿ, ವೀಸಾ ನಿಯಮದಿಂದಾಗಿ ಕೆಲವು ವರ್ಷ ಕೆಲಸ ಮಾಡಲಾಗದವರು ಆ ಅವಧಿಯನ್ನು ಮುಚ್ಚಿಡಲು ನೋಡುತ್ತಾರೆ. ಅಮೆರಿಕದಲ್ಲಿ ಎಚ್-4 ವೀಸಾದವರಲ್ಲಿ ಕೆಲವರಿಗೆ ಉದ್ಯೋಗಾನುಮತಿ ದೊರೆತುದೇ 2015ರಿಂದ. "ಈ ಅವಧಿಯಲ್ಲಿ ಉದ್ಯೋಗಾನುಮತಿ ಇರಲಿಲ್ಲ, ಈಗ ಇದೆ" ಎಂದು ನೇರವಾಗಿ ಬರೆದರೆ ಮುಗಿಯಿತು. ಆಗ ಕಲಿತ ಕೋರ್ಸು, ಕನ್ನಡ ಶಾಲೆಯಲ್ಲಿ ಮಾಡಿದ ಪಾಠ, ಸಂಘದ ಲೆಕ್ಕ ನೋಡಿದ್ದು ಎಲ್ಲವೂ ಬರಹಕ್ಕೆ ಅರ್ಹ.

ತಿದ್ದುಪಡಿಯ ಮಿತಿ

ಬಯೋಡೇಟಾ ಎಷ್ಟೇ ತಿದ್ದಿದರೂ ಕದ ತೆರೆಯದಿರುವುದುಂಟು. ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೊಪೌಲಸ್ ಅವರು ಸುಮಾರು 13 ಸಾವಿರ ಕಲ್ಪಿತ ಬಯೋಡೇಟಾಗಳನ್ನು ಉದ್ಯೋಗದಾತರಿಗೆ ಕಳುಹಿಸಿ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಭಾರತೀಯ, ಪಾಕಿಸ್ತಾನಿ, ಚೀನೀ ಹೆಸರಿನವರಿಗೂ ವಿದೇಶಿ ಅನುಭವವುಳ್ಳವರಿಗೂ ಇಂಗ್ಲಿಷ್ ಹೆಸರಿನವರಿಗಿಂತ ಕಡಿಮೆ ಕರೆಗಳು ಬಂದವು. ಭಾಷಾ ಪ್ರೌಢಿಮೆಯನ್ನು ನಮೂದಿಸಿದರೂ, ಬಹುರಾಷ್ಟ್ರೀಯ ಕಂಪನಿಯ ಅನುಭವ ತೋರಿಸಿದರೂ ಅಂತರ ತಗ್ಗಲಿಲ್ಲ. ನೂರು ಅರ್ಜಿ ಹಾಕಿ ಕಂಗೆಟ್ಟವರು ದೋಷವೆಲ್ಲ ತಮ್ಮದೇ ಎಂದುಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು.

ಕೆನಡಾದ ಅನುಭವ ಬೇಕೆಂದು ಕೇಳುವುದು ತಾರತಮ್ಯಕ್ಕೆ ಎಡೆಮಾಡುತ್ತದೆಂದು ಒಂಟಾರಿಯೊ ಮಾನವ ಹಕ್ಕು ಆಯೋಗ 2013ರಲ್ಲಿಯೇ ಹೇಳಿತ್ತು. 2026ರ ಜನವರಿ 1ರಿಂದ ಆ ಪ್ರಾಂತದಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಸಾರ್ವಜನಿಕ ಉದ್ಯೋಗ ಜಾಹೀರಾತಿನಲ್ಲಿ ಆ ಷರತ್ತನ್ನು ಹಾಕುವಂತಿಲ್ಲ. ಜಾಹೀರಾತಿನಿಂದ ಹೋದ ಷರತ್ತು ಮನಸ್ಸಿನಿಂದಲೂ ಹೋಗುತ್ತದೆಯೇ ಎಂಬುದು ಬೇರೆ ಮಾತು. ಹಾಗಾಗಿ ಅಲ್ಲಿಗೆ ಹೋದ ಮೇಲೆ ಗೋದಾಮಿನಲ್ಲೋ ಅಂಗಡಿಯಲ್ಲೋ ಮಾಡಿದ ಮೊದಲ ಕೆಲಸವನ್ನು ಅವಮಾನವೆಂದು ಮರೆಮಾಚದೆ, ವೃತ್ತಿ ಅನುಭವದ ಕೆಳಗೆ ಒಂದೆರಡು ಸಾಲಿನಲ್ಲಿ ಬರೆಯುವುದು ಉಪಯುಕ್ತ. ಸ್ಥಳೀಯವಾಗಿ ವಿಚಾರಿಸಬಹುದಾದ ಒಬ್ಬ ಮೇಲ್ವಿಚಾರಕನ ಹೆಸರು ಅದರಿಂದ ಸಿಗುತ್ತದೆ.

ಇನ್ನೂ ಹೊರಡದವರು ಮಾಡಬಹುದಾದ ಕೆಲಸ ಬಳ್ಳಾರಿ ಅಥವಾ ಕಲಬುರಗಿಯಲ್ಲಿದೆ. ಮೌಲ್ಯಮಾಪನ ಸಂಸ್ಥೆಗಳಿಗೆ ಅಂಕಪಟ್ಟಿಯ ಟ್ರಾನ್ಸ್‌ಕ್ರಿಪ್ಟನ್ನು ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ಮುಚ್ಚಿದ ಲಕೋಟೆಯಲ್ಲಿ ಅಥವಾ ವಿದ್ಯುನ್ಮಾನ ಮಾರ್ಗದಲ್ಲಿ ನೇರವಾಗಿ ಕಳುಹಿಸಬೇಕು. ಟೊರಾಂಟೊದಿಂದ ತಮ್ಮನಿಗೆ ಫೋನ್ ಮಾಡಿ ಆ ಕಚೇರಿಗೆ ಅಲೆದಾಡಿಸುವುದಕ್ಕಿಂತ, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ ಹಾಗೂ ಘಟಿಕೋತ್ಸವ ಪ್ರಮಾಣಪತ್ರಗಳಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿದೆಯೇ ಎಂದು ನೋಡಿ, ಇಲ್ಲಿರುವಾಗಲೇ ತಿದ್ದಿಸಿಕೊಂಡು ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕುವುದು ಸುಲಭ.